ಡಿಫೆಂಡರ್‌ನ ಎಡಗಾಲು

ಕುವೊಪಿಯೊ, ಫೆಬ್ರವರಿ ೧೧

ಇವತ್ತು ಐಸ್ ಹಾಕಿ ಪಂದ್ಯ ಸೋತದ್ದು ನನ್ನ ಕಾಲಿನಿಂದಲೇ. ಎರಡನೇ ಅವಧಿಯಲ್ಲೇ ಪಕ್, ಆ ಗಟ್ಟಿ ರಬ್ಬರ್ ಬಿಲ್ಲೆ, ಬಡಿದು ಎಡಪಾದ ಉರಿಯುತ್ತಿತ್ತು. ವಿರಾಮದಲ್ಲಿ ತಂಡದ ಡಾಕ್ಟರ್ ಐಲಾ ಸ್ಕೇಟ್ ಬೂಟು ಬಿಚ್ಚು ಅಂದರು. “ಬಿಚ್ಚಿದ್ರೆ ಊದ್ಕೊಳ್ಳುತ್ತೆ ಡಾಕ್ಟ್ರೇ, ಮತ್ತೆ ಒಳಗೆ ಹೋಗಲ್ಲ,” ಅಂದೆ. ಕೊನೆಯ ನಿಮಿಷದಲ್ಲಿ ಇನ್ನೊಂದು ಹೊಡೆತಕ್ಕೆ ಅಡ್ಡ ಕಾಲಿಟ್ಟೆ. ಪಕ್ ಅದೇ ಪಾದಕ್ಕೆ ತಗುಲಿ ನಮ್ಮದೇ ಗೋಲಿನೊಳಗೆ ನುಗ್ಗಿತು.

ಪಂದ್ಯ ಮುಗಿದ ಮೇಲೆ ಸೌನಾದ ಹಬೆಕೋಣೆಯಲ್ಲಿ ನಮ್ಮ ಗೋಲ್‌ಕೀಪರ್ ವೇಯ್ಕೊ ಬಿಸಿಕಲ್ಲಿಗೆ ನೀರು ಎರಚುತ್ತಾ, “ನೀನು ಸುಮ್ನೆ ನಿಂತಿದ್ರೆ ನಾನೇ ಹಿಡೀತಿದ್ದೆ ಕಣೋ, ಮುದುಕಪ್ಪ!” ಅಂದ. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಚುಚ್ಚಿತು. ಹದಿನಾಲ್ಕು ವರ್ಷ ಐಸ್ ಮೇಲೆ ಅಡ್ಡ ನಿಂತೇ ಹೊಟ್ಟೆ ಹೊರೆದವನು ನಾನು. ಸುಮ್ಮನಿರುವುದನ್ನು ಯಾರೂ ಕಲಿಸಲಿಲ್ಲ.

ಈಗ ಪಾದಕ್ಕೆ ಚಪ್ಪಲಿಯೂ ಹಿಡಿಸುತ್ತಿಲ್ಲ. ನಾಳಿದ್ದು ಮತ್ತೆ ಪಂದ್ಯ. ಆಡೇ ಆಡುತ್ತೇನೆ. ಅಂಥದೇ ಹೊಡೆತ ಬಂದರೆ ಮತ್ತೆ ಅಡ್ಡ ಕಾಲಿಡುತ್ತೇನೆ.

ಬಲಗಾಲು ಇದೆಯಲ್ಲ.