ಹೆಸರಿನ ಜಾಗ

ಅಕ್ಕಲಕೋಟ,
19 ಏಪ್ರಿಲ್ 2025, ಪವಿತ್ರ ಶನಿವಾರ

ಪ್ರೀತಿಯ ತಮ್ಮ ಧನರಾಜನಿಗೆ, ನಿನ್ನ ಅಕ್ಕ ಲೀಲಾ ಮಾಡುವ ಆಶೀರ್ವಾದ.

ನಿನ್ನ ಗಂಟಲು ಈಗ ಹೇಗಿದೆ? ಈ ನಲವತ್ತು ದಿನದ ತಪಸ್ಸು ಕಾಲದ ತುಂಬ ಚರ್ಚಿನಿಂದ ಚರ್ಚಿಗೆ ತಿರುಗಿ ಹಾಡು ಕಲಿಸಿ ದನಿಯೇ ಕುಳಿತುಬಿಟ್ಟಿದೆ ಎಂದು ಪ್ರಾಜಕ್ತಾ ಫೋನಿನಲ್ಲಿ ಹೇಳಿದಳು. ಬಿಸಿನೀರಿಗೆ ಉಪ್ಪು, ಅರಿಶಿನ ಹಾಕಿ ಬೆಳಿಗ್ಗೆ ಸಂಜೆ ಮುಕ್ಕಳಿಸು. ಬರ್ಫ ಹಾಕಿದ ಕಬ್ಬಿನ ಹಾಲು ಕುಡಿಯುವ ಚಟ ಬಿಡು. ಚಿಕ್ಕವನಿದ್ದಾಗಲೂ ಅದನ್ನು ಕುಡಿದು ಕೆಮ್ಮಿಕೊಂಡು ಬಂದು ಬೈಗುಳ ನನಗೆ ತಿನ್ನಿಸುತ್ತಿದ್ದೆ. ನಮ್ಮ ಮನೆಯಲ್ಲಿ ನಾನು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದೇನೆ. ಅವ್ವನ ಮಂಡಿನೋವು ಇದ್ದದ್ದೇ, ಊಟ ಸ್ವಲ್ಪ ಕಡಿಮೆಯಾಗಿದೆ. ಕಾಗದ ಯಾಕೆ ಬರೆದಳು ಈ ಅಕ್ಕ ಎಂದು ಹುಬ್ಬು ಗಂಟಿಕ್ಕಬೇಡ. ಫೋನ್ ಮಾಡಿದರೆ "ಅಕ್ಕಾ, ಪ್ರಾಕ್ಟೀಸ್ ನಡದೈತಿ, ಆಮ್ಯಾಲ ಮಾತಾಡ್ತೀನಿ" ಎಂದು ಇಟ್ಟುಬಿಡುತ್ತೀ. ನಿನ್ನ ಆ 'ಆಮ್ಯಾಲ' ಇನ್ನೂ ಬಂದಿಲ್ಲ. ಕನ್ನಡದಲ್ಲಿ ಬರೆದರೆ ಪ್ರಾಜಕ್ತಾಳಿಗೆ ಓದಲು ಬರುವುದಿಲ್ಲ, ಅದೂ ಒಳ್ಳೆಯದೇ. ಹೆಂಡತಿಯ ಮುಂದೆ ತಮ್ಮನ ಮಾನ ಕಳೆಯುವುದು ನನಗೆ ಬೇಡ.

ಜನವರಿಯಲ್ಲಿ ನೀನು ಬಂದದ್ದು ನೆನಪಿದೆಯಲ್ಲ? ಹೊರಗೆ ಚಾಪೆ ಹಾಸಿ ಕೂತು ದೊಡ್ಡ ದೊಡ್ಡ ಮಾತಾಡಿದೆ. ಚರ್ಚಿನ ಹಾಡುಗಳೆಲ್ಲ ಸವೆದುಹೋಗಿವೆ, ಮನೆಮನೆಯಲ್ಲಿ ಹೆಂಗಸರು ಹಾಡುವ ಭಕ್ತಿಯ ಹಾಡು ಮತ್ತೆ ಪೂಜೆಗೆ ಬರಬೇಕು, ಚರ್ಚಿನಲ್ಲಿ ಕಲಿತದ್ದು ಮನೆಗೆ ಮರಳಬೇಕು, ಈ ಕೆಲಸವನ್ನು ಫಾದರ್ ನನಗೆ ಒಪ್ಪಿಸಿದ್ದಾರೆ ಎಂದೆ. ಅವ್ವನ ಮುಖ ಅವತ್ತು ಹೇಗೆ ಅರಳಿತ್ತು ಅಂತೀ! ಜೀವಮಾನವೆಲ್ಲ ಮರಾಠಿ ಪೂಜೆಯಲ್ಲಿ ತುಟಿ ಅಲ್ಲಾಡಿಸಿ ಬಂದವಳು. ತನ್ನ ಕನ್ನಡದ ಹಾಡು ಸೋಲಾಪುರದ ದೊಡ್ಡ ಚರ್ಚಿನಲ್ಲಿ ಕೇಳಿಸುತ್ತದೆ ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಮರಿಯವ್ವನ ಅಳಲಿನ ಹಾಡನ್ನು ಶುಭ ಶುಕ್ರವಾರದ ಸಂಜೆ ಬಿಟ್ಟು ಬೇರೆ ದಿನ ಹಾಡಬಾರದು ಎಂಬ ಕಟ್ಟು ನಮ್ಮಲ್ಲಿ ಮುತ್ತಜ್ಜಿಯ ಕಾಲದಿಂದ ಇದೆ. ನೀನು ಕೇಳಿದೆ ಎಂದು ಅವ್ವ ಆ ಕಟ್ಟನ್ನೂ ಮುರಿದಳು. ಸಂಕ್ರಾಂತಿಯ ಎಳ್ಳು ಹುರಿಯುತ್ತ ಕೂತವಳು ಬಾಣಲೆ ಇಳಿಸಿ, ತಲೆಯ ಮೇಲೆ ಸೆರಗು ಹೊದ್ದು ನಿನ್ನ ಫೋನಿನ ಮುಂದೆ ಹಾಡಿದಳು. ನಾನು ಬೇಡವೆನ್ನಲಿಲ್ಲ. ಮಗ ಕೇಳುತ್ತಿದ್ದಾನೆ, ತಾಯಿ ಕೊಡುತ್ತಿದ್ದಾಳೆ, ನಡುವೆ ನಾನ್ಯಾರು?

ನಿನಗೆ ಗೊತ್ತಿದ್ದದ್ದನ್ನೇ ಮತ್ತೆ ಬರೆಯುತ್ತೇನೆ, ಗೊತ್ತಿತ್ತು ಎಂಬುದು ನಿನಗೆ ನೆನಪಾಗಲಿ ಎಂದು. ಮುತ್ತಜ್ಜಿ ಆ ಹಾಡನ್ನು ಬೀಸುವ ಕಲ್ಲಿನ ಧಾಟಿಯಲ್ಲಿ ಕಟ್ಟಿದಳು. ಶಿಲುಬೆಯಿಂದ ಇಳಿಸಿದ ಮಗನನ್ನು ತೊಡೆಯ ಮೇಲೆ ಹಾಕಿಕೊಂಡ ಮರಿಯವ್ವ, ಸುತ್ತ ಕೂತ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾಳೆ: "ನನ್ನ ಮಡಿಲಾಗ ನನ ಕಂದ, ನಿನ್ನ ಮಡಿಲಾಗ ಯಾರವ್ವಾ?" ಸರದಿ ಬಂದವಳು ತಾನು ಮಣ್ಣಿಗೆ ಕೊಟ್ಟ ಕೂಸಿನ ಹೆಸರು ಹೇಳಬೇಕು. ಆಮೇಲೆ ಉಳಿದವರೆಲ್ಲ "ಹಗುರಾಗಲಿ ತಾಯಿ, ಹಗುರಾಗಲಿ" ಎಂದು ಸೊಲ್ಲು ಹಿಡಿಯಬೇಕು. ಸೊಲ್ಲು ಹಿಡಿದ ಮೇಲೆಯೇ ಆ ಭಾರ ಮರಿಯವ್ವನ ಮಡಿಲಿಗೆ ದಾಟಿತು ಎಂದು ಲೆಕ್ಕ. ಬದುಕಿದ್ದವರ ಹೆಸರು ಅಲ್ಲಿ ಅಪ್ಪಿತಪ್ಪಿಯೂ ಬರಬಾರದು. ಪಕ್ಕದ ಮನೆಯ ಹಣಮವ್ವ ನಮ್ಮ ಜಾತಿಯವಳಲ್ಲ, ಚರ್ಚಿನವಳಲ್ಲ, ಚಪಳಗಾಂವದ ಕುರಿಗಾರರ ಮನೆಯ ಹೆಣ್ಣುಮಗಳು. ಆದರೂ ಪ್ರತಿ ವರ್ಷ ಬಂದು ಕೂತು ತನ್ನ ಮಗನ ಹೆಸರು ಹೇಳಿ ಹೋಗುತ್ತಾಳೆ. "ನಮ್ಮ ಬೀರೋಬಾನ ಹಾಡಿನ್ಯಾಗ ದೇವರ ಹೆಸರು ಬಾಳ ಅದಾವು, ನನ್ನ ಕೂಸಿನ ಹೆಸರಿಗೆ ಜಾಗಾ ಇಲ್ಲವ್ವಾ" ಎಂದು ಒಮ್ಮೆ ಅವ್ವನ ಮುಂದೆ ಅಂದಿದ್ದಳು.

ಅವ್ವನ ಮಡಿಲಿನ ಹೆಸರು ಲೂಸವ್ವ. ನನ್ನ ತಂಗಿ, ನಿನಗೆ ಅಕ್ಕ. ಜ್ವರ ಬಂದು ಹೋದಾಗ ಅವಳಿಗಿನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ. ಮರುವರ್ಷ ನೀನು ಹುಟ್ಟಿದೆ, ಅವಳ ತೊಟ್ಟಿಲಲ್ಲೇ ಮಲಗಿ ಬೆಳೆದೆ. ಅವಳದೊಂದು ಫೋಟೋ ಇಲ್ಲ. ಗೋರಿಯ ಮೇಲೆ ನೆಟ್ಟ ಕಟ್ಟಿಗೆಯ ಶಿಲುಬೆ ಗೆದ್ದಲು ತಿಂದು ಹೋಯಿತು. ಆ ಹೆಸರು ಉಳಿದಿದ್ದದ್ದು ವರ್ಷಕ್ಕೊಮ್ಮೆ ಅವ್ವನ ಬಾಯಲ್ಲಿ ಮಾತ್ರ. ಅದಕ್ಕೇ ಅವ್ವ ಹಾಡಿ ಮುಗಿಸಿ ನಿನ್ನನ್ನು ಒಂದೇ ಒಂದು ಮಾತು ಕೇಳಿದಳು: "ಹೆಸರಿನ ಜಾಗಾ ಖಾಲಿ ಬಿಡಪಾ. ಯಾರ ಹೆಸರು ಅವರು ಹಾಕ್ಕೊಳ್ಳಲಿ." ನೀನು ಅವಳ ಕೈಮೇಲೆ ಕೈಯಿಟ್ಟು "ಆತವ್ವಾ" ಎಂದೆ. ನಾನು ಅಲ್ಲೇ ಎಳ್ಳು ಆರಿಸುತ್ತಿದ್ದೆ.

ಮಾರ್ಚಿನಲ್ಲಿ ನಿನ್ನ ಕಾರ್ಯಕ್ರಮಕ್ಕೆ ನಾವಿಬ್ಬರೂ ಎಸ್.ಟಿ. ಬಸ್ಸಿನಲ್ಲಿ ಸೋಲಾಪುರಕ್ಕೆ ಬಂದೆವು. ಅವ್ವ ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಪಕ್ಕದ ಸೀಟಿನವರಿಗೆಲ್ಲ "ನನ್ನ ಮಗಾ ಹಾಡಿಸಾಕತ್ತಾನ" ಎಂದು ಹೇಳಿದ್ದೇ ಹೇಳಿದ್ದು. ಚರ್ಚಿನಲ್ಲಿ ಎಲ್ಲ ಹುಡುಗಿಯರೂ ಒಂದೇ ಬಣ್ಣದ ಸೀರೆ, ಮುಂದೆ ನಿನ್ನ ಕೀಬೋರ್ಡ್. ಹಾಡು ಶುರುವಾದಾಗ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಅವ್ವ ನನ್ನ ಕೈ ಹಿಡಿದುಕೊಂಡು ಕೇಳಿದಳು. ಮರಿಯವ್ವನ ಪ್ರಶ್ನೆ ಬಂತು. ಆಮೇಲೆ ಇಡೀ ಗುಂಪು ಚಪ್ಪಾಳೆ ತಟ್ಟಿ ಒಂದೇ ದನಿಯಲ್ಲಿ "ನನ್ನ ಮಡಿಲಾಗ ಲೂಸವ್ವಾ, ಲೂಸವ್ವಾ" ಎಂದಿತು. ಮತ್ತೊಮ್ಮೆ, ಮಗದೊಮ್ಮೆ, ಜನರನ್ನೂ ಸೇರಿಸಿಕೊಂಡು. ಇನ್ನೂ ಮದುವೆಯಾಗದ ಹುಡುಗಿಯರು, ಮೀಸೆ ಮೂಡದ ಹುಡುಗರು, ಎಲ್ಲರ ಮಡಿಲಲ್ಲೂ ನಮ್ಮ ಲೂಸವ್ವ. ನೀನು ಕೈಯೆತ್ತಿ "ಜೋರಾಗಿ, ಜೋರಾಗಿ" ಎಂದು ಸನ್ನೆ ಮಾಡುತ್ತಿದ್ದೆ. ಅವ್ವ ಅಳಲಿಲ್ಲ. ನನ್ನ ಕೈ ಬಿಟ್ಟು ಸೆರಗನ್ನು ಹಣೆಯ ತನಕ ಎಳೆದುಕೊಂಡಳು.

ಹೊರಗೆ ಬಂದಾಗ ನಿನ್ನ ಗುಂಪಿನ ಹುಡುಗಿಯೊಬ್ಬಳು ಅವ್ವನ ಕಾಲು ಮುಟ್ಟಿ, "ಆಜೀ, ಲೂಸವ್ವಾ ಕೋಣ್ ಹೋತ್ಯಾ?" ಎಂದು ಮರಾಠಿಯಲ್ಲಿ ಕೇಳಿದಳು. ಲೂಸವ್ವ ಅಂದರೆ ಯಾರು ಎಂದು! ಆ ಮಗುವಿನ ತಪ್ಪೇನಿಲ್ಲ. ಧನರಾಜ ಸರ್ ಹೇಳಿದ್ದಾರೆ, ಈ ಕಡೆಯ ಹಳೆಯ ಸಂತಳಂತೆ ಎಂದು ತಾನೇ ಉತ್ತರವನ್ನೂ ಕೊಟ್ಟಳು. ನಾನು ನಿನ್ನನ್ನು ಮೂಲೆಗೆ ಕರೆದು ಕೇಳಿದೆ. ನೀನು ವೈರ್ ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಖಾಲಿ ಜಾಗಾ ಹಾಡಾಕ ಬರೂದಿಲ್ಲಕ್ಕಾ. ಆ ಹೆಸರು ತಾಳಕ್ಕ ಚಂದ ಕೂಡತೈತಿ."

ತಾಳಕ್ಕೆ ಕೂಡುತ್ತದೆಯಂತೆ! ಹೊರಗಿನವನು ಮಾಡಿದ್ದರೆ ಬೈದು ಮರೆತುಬಿಡುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ? ಕೀಬೋರ್ಡ್ ಬೇಡವೆಂದು ನಾನು ಅನ್ನುವುದಿಲ್ಲ. ಹಾಡು ಹೊಸದಾಗಬೇಕು, ಇಲ್ಲದಿದ್ದರೆ ನಮ್ಮ ಜೊತೆಗೇ ಮಣ್ಣಾಗುತ್ತದೆ, ಅದು ನನಗೂ ಗೊತ್ತು. ನನ್ನ ಮಗಳು ಮನೀಷಾ ಈ ಹಾಡಿನ ಒಂದು ಸಾಲೂ ಕಲಿತಿರಲಿಲ್ಲ, ಈಗ ನಿನ್ನ ದೆಸೆಯಿಂದ ಪಾತ್ರೆ ತಿಕ್ಕುವಾಗ ಗುನುಗುತ್ತಾಳೆ. ಗುನುಗುತ್ತ ಹೆಸರಿನ ಜಾಗಕ್ಕೆ ಬಂದು, ಅಜ್ಜಿಯನ್ನು ನೋಡಿ ಗಪ್ಪನೆ ನಿಲ್ಲುತ್ತಾಳೆ. ಅಷ್ಟು ಮಾಡಲು ನಿನಗೆ ಬರಲಿಲ್ಲವಲ್ಲ! ಅಲ್ಲೊಂದು ಉಸಿರಿನಷ್ಟು ಸುಮ್ಮನಿದ್ದಿದ್ದರೆ ಆ ಚರ್ಚಿನಲ್ಲಿ ಎಷ್ಟು ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ನೆನೆಯುತ್ತಿದ್ದರೋ. ನೀನು ಎಲ್ಲರ ಬಾಯಿಗೂ ನಮ್ಮ ಮನೆಯ ಕೂಸನ್ನು ತುರುಕಿದೆ, ಅವಳು ಯಾರೆಂದು ಕೇಳಿದವರಿಗೆ ಸುಳ್ಳು ಹೇಳಿದೆ. ನನಗೆ ಮೋಸವಾಗಿದೆ ಧನರಾಜ. ಅವ್ವನಿಗೆ ಆಗಿರುವುದಕ್ಕೆ ಯಾವ ಮಾತು ಬರೆಯಬೇಕೋ ತಿಳಿಯದು.

ಅಂದಿನಿಂದ ನಿನ್ನೆಯ ತನಕ ಅವ್ವ ಮನೆಯಲ್ಲಿ ದನಿಯೆತ್ತಿ ಹಾಡಿರಲಿಲ್ಲ. ಸಂಜೆ ಜಪಸರದ ಮಣಿ ಎಣಿಸುತ್ತಾಳೆ, ಕೊನೆಯ ಹಾಡು ಬಂದಾಗ ಎದ್ದು ಒಳಗೆ ಹೋಗುತ್ತಾಳೆ. ನಿನ್ನ ಮೇಲೆ ಒಂದು ಕೆಟ್ಟ ಮಾತೂ ಆಡಿಲ್ಲ, ಆಡಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಈ ಸಲ ಶುಕ್ರವಾರದ ಕೂಟ ನಡೆಯುತ್ತದೋ ಇಲ್ಲವೋ ಎಂದು ಹೆಂಗಸರೆಲ್ಲ ಬಂದು ಬಂದು ಕೇಳಿದರು. ಅವ್ವ ಚಾಪೆ ಕೊಡವಿ ಹಾಸಿದಳು, ಅದೇ ಉತ್ತರವೆಂದು ತಿಳಿದುಕೊಂಡೆವು. ನಿನ್ನೆ ಕೂಟ ನಡೆಯಿತು. ಹಣಮವ್ವನೂ ಬಂದಿದ್ದಳು. ಅವ್ವ ಹಾಡಿದಳು.

ಹಣಮವ್ವನ ಹಿರಿಯ ಮಗ ಅಣ್ಣಾರಾಯ ಇವತ್ತು ನೀನಿರುವ ಪುಣೆಗೇ ಹೊರಟಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಜೊತೆಗೆ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಇದೆ, ಸಿಟ್ಟಿದ್ದರೂ ಹೊಟ್ಟೆಗೆ ಕೊಡದೇ ಇರಲು ಆಗುವುದಿಲ್ಲ. ಪ್ರಾಜಕ್ತಾಳಿಗೆ, ಮಕ್ಕಳಿಗೆ ನಮ್ಮೆಲ್ಲರ ಆಶೀರ್ವಾದ. ನಾಳೆ ಎದ್ದುಬರುವ ಪ್ರಭು ನಿನ್ನ ಮನೆಯ ಬಾಗಿಲಿಗೂ ಬರಲಿ, ನಿನ್ನ ಗಂಟಲು ನೆಟ್ಟಗಾಗಲಿ.

ಇಂತಿ ನಿನ್ನ ಅಕ್ಕ,
ಲೀಲಾ

ತಾ.ಕ.: ಅಣ್ಣಾರಾಯ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಬರೆಯಬಾರದೆಂದಿದ್ದೆ, ಬರೆಯದೆ ಇರಲಾರೆ. ನಿನ್ನೆ ಅವ್ವನ ಸರದಿ ಬಂದಾಗ ಅವಳು ಲೂಸವ್ವನ ಹೆಸರು ಹೇಳಲಿಲ್ಲ. "ನನ್ನ ಮಡಿಲಾಗ ಧನರಾಜ" ಎಂದು ಹಾಡಿದಳು. ಹಣಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವ್ವನ ನುಡಿಗೆ ಮೊದಲ ಸೊಲ್ಲು ಹಿಡಿಯಬೇಕಾದವಳು ಹಿರಿಮಗಳಾದ ನಾನು. ನಾನು ಬಾಯಿ ತೆರೆಯಲಿಲ್ಲ, ನನ್ನನ್ನು ನೋಡಿ ಬೇರೆ ಯಾರೂ ತೆರೆಯಲಿಲ್ಲ. ಅವ್ವ ಸ್ವಲ್ಪ ಹೊತ್ತು ಕಾದು ಎದ್ದು ಹೋದಳು. ಆ ನುಡಿ ಇನ್ನೂ ಹಾಗೆಯೇ ನಿಂತಿದೆ. ಇವತ್ತು ಬೆಳಿಗ್ಗೆಯಿಂದ "ಸೊಲ್ಲು ಹಿಡಿ, ಲೀಲಾ" ಎಂದು ಅವಳು ನನ್ನ ಹಿಂದೆಯೇ ತಿರುಗುತ್ತಿದ್ದಾಳೆ. ಎಷ್ಟು ದಿನ ತಡೆಯಲಿ? ಕಾಗದ ಕೈಸೇರಿದ ಕೂಡಲೇ ಹೊರಟು ಬಾ. ಕೀಬೋರ್ಡ್ ತರಬೇಡ. ಬಂದು ಅವಳ ಮುಂದೆ ಕೂತು, ಬದುಕಿದ್ದೇನೆ ಎಂದು ನೀನೇ ಹೇಳು.