ಪೇಟೆ ಬೀದಿಯ ಸೈಕಲ್ ದಾರಿ

ಮಾರ್ಚ್ 3
ಬೆಳಿಗ್ಗೆ ಮತ್ತೆ ಪೇಟೆ ಬೀದಿ ಅಳೆದೆ. ಅಂಗಡಿಗಳ ಮುಂದಿನ ಪಾರ್ಕಿಂಗ್ ತೆಗೆದರೆ ಸೈಕಲ್ ದಾರಿ ಸಲೀಸಾಗಿ ಹಿಡಿಸುತ್ತದೆ. ಬರೀ ಬಣ್ಣದ ಗೆರೆಯಲ್ಲ — ನೆದರ್‌ಲ್ಯಾಂಡ್ಸ್‌ನ ಡಚ್ಚರ ಹಾಗೆ, ಕಾರಿಗೂ ಸೈಕಲ್ಲಿಗೂ ನಡುವೆ ಕಲ್ಲಿನ ಕಟ್ಟೆ.
ನಗರಪಾಲಿಕೆ ಆಫೀಸಿನಲ್ಲಿ ಎಲ್ಲರದೂ ಒಂದೇ ರಾಗ. "ಮೇಡಂ, ಅವರ ದೇಶ ಸಮತಟ್ಟು. ಜನಾನೂ ಬೇರೆ."
ಅಲ್ಲೂ ಒಂದು ಕಾಲಕ್ಕೆ ಬೀದಿ ತುಂಬ ಕಾರುಗಳೇ, ಜನ ಜಗಳವಾಡಿಯೇ ಆ ದಾರಿ ಪಡೆದದ್ದು ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಮಿಷನರ್ ಮಾತ್ರ, "ಎರಡು ತಿಂಗಳು ಟ್ರಯಲ್ ಮಾಡಿ. ಆಮೇಲೆ ಸಭೆ ಕರೆಯೋಣ."
ಅದೇ ಬೀದಿಯಲ್ಲಿ ಅಕ್ಕನ ಪರದೆ ಬಟ್ಟೆ ಅಂಗಡಿ. ಅವಳಿಗಿನ್ನೂ ಹೇಳಿಲ್ಲ.

ಮಾರ್ಚ್ 5, ಸಂಜೆ
ಅಕ್ಕನ ಮನೆಗೆ ಹೋಗಿ ಹೇಳಿದೆ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.
"ಕಾರು ನಿಲ್ಲಿಸೋಕೆ ಜಾಗ ಇಲ್ದಿದ್ರೆ ಯಾರೇ ಬರ್ತಾರೆ ನನ್ನ ಅಂಗಡಿಗೆ? ಒಡಹುಟ್ಟಿದೋಳೇ ಹೊಟ್ಟೆ ಮೇಲೆ ಹೊಡೀತೀಯಲ್ಲ!"
"ಅಲ್ಲಿ ದಿನವಿಡೀ ನಿಂತಿರೋದು ಅಂಗಡಿಯವರದೇ ಕಾರು ಅಕ್ಕಾ..."
"ನಂದೂ ಸೇರಿ. ಏನೀಗ?"
ಹಾಲ್‌ನಲ್ಲಿ ಭಾವ ಟಿವಿ ಸದ್ದು ಕಡಿಮೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಅಂಗಡಿ ಕಟ್ಟಿ ಬೆಳೆಸಿದವರು. ಪಾರ್ಶ್ವವಾಯು ಆದಮೇಲೆ ಮನೆಯೇ ಲೋಕ. ಬ್ಯಾಟರಿ ಗಾಲಿಕುರ್ಚಿ ಇದೆ. ಆದರೆ ಫುಟ್‌ಪಾತ್ ಪೂರ್ತಿ ಹೊಂಡ, ರಸ್ತೆಗಿಳಿದರೆ ಲಾರಿ.

ಮಾರ್ಚ್ 30
ಕಟ್ಟೆ ಮುಗಿಯಿತು. ಮೊದಲ ದಿನವೇ ದಾರಿಯ ತುಂಬ ಸ್ಕೂಟರ್. ಫರ್ನಿಚರ್ ಅಂಗಡಿಯವನಂತೂ ಸೋಫಾ ತಂದಿಟ್ಟು ಮಾರಾಟಕ್ಕೆ ಕೂತಿದ್ದಾನೆ! ಸೈಕಲ್ ಒಂದೂ ಕಾಣಲಿಲ್ಲ. ಅಕ್ಕ ಫೋನ್ ಎತ್ತುತ್ತಿಲ್ಲ. ವಿರೋಧಿಸುವವರಿಗೆಲ್ಲ ಈಗ ಅವಳೇ ಮುಂದಾಳು.

ಏಪ್ರಿಲ್ 11
ತಿರುವಿನಲ್ಲಿ ಟೀಚರೊಬ್ಬರ ಸೈಕಲ್ಲಿಗೆ ಕಾರು ತಾಗಿತು. ಮೊಣಕೈ ತರಚಿದೆ, ಅಷ್ಟೆ. ಕಟ್ಟೆಯನ್ನು ತಿರುವಿನ ಮೂಲೆ ಮುಟ್ಟುವ ಮೊದಲೇ ನಿಲ್ಲಿಸಿಬಿಟ್ಟಿದ್ದೇವೆ. ಅರ್ಧಂಬರ್ಧ ನಕಲು ಮಾಡಿದರೆ ಹೀಗೇ. ನಾಳೆಯೇ ಮೂಲೆಗೂ ಕಟ್ಟೆ, ಕಾರು ನಿಧಾನಿಸದೆ ತಿರುಗಲಾಗದ ಹಾಗೆ. ಅಂಗಡಿಗಳಿಗೆ ಸಾಮಾನು ತರುವ ವ್ಯಾನಿಗೆ ಪಕ್ಕದ ಓಣಿಯಲ್ಲಿ ಜಾಗ.

ಮೇ 6
ಅಕ್ಕನ ಫೋನ್! "ನಿಮ್ಮ ಭಾವ ಮನೇಲಿಲ್ಲ ಕಣೇ!" ಅಳು.
ಆಫೀಸಿನಿಂದ ಓಡಿದೆ. ಸೈಕಲ್ ದಾರಿಯಲ್ಲಿ ಭಾವ! ಗಾಲಿಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಂಭೀರವಾಗಿ. ಹಿಂದೆ ಕಾಲೇಜು ಹುಡುಗಿಯರ ಸೈಕಲ್ ಸಾಲು, ಬೆಲ್ಲೋ ಬೆಲ್ಲು.
"ಭಾವ, ಎಲ್ಲಿಗೆ?"
ಮಾತು ಇನ್ನೂ ತೊದಲು. "ಅಂ...ಗಡಿಗೆ. ದಾರಿ ಬಿಡು."
ಬಿಟ್ಟೆ. ಅಂಗಡಿ ಬಾಗಿಲಲ್ಲಿ, ಹುಡುಕುತ್ತ ಬಂದಿದ್ದ ಅಕ್ಕ. ಕಣ್ಣೊರೆಸಿಕೊಂಡು ಇಬ್ಬರಿಗೂ ಸೇರಿಸಿ ಚೆನ್ನಾಗಿ ಬೈದಳು.

ಮೇ 31
ಸಭೆ. ಗಲಾಟೆ. ಅಕ್ಕ ಎದ್ದಳು.
"ಪಾರ್ಕಿಂಗ್ ಹೋದ ಸಿಟ್ಟು ಇನ್ನೂ ಇದೆ. ಮೊದಲ ತಿಂಗಳು ವ್ಯಾಪಾರಾನೂ ಬಿತ್ತು. ಆದ್ರೆ ನಮ್ಮನೆಯವರು ಈಗ ದಿನಾ ಅಂಗಡಿಗೆ ಬರ್ತಾರೆ. ಒಬ್ಬರೇ. ಆ ದಾರಿ ಕಿತ್ತುಹಾಕೋಕೆ ನಾನಂತೂ ಕೈ ಎತ್ತಲ್ಲ."
ಆಮೇಲೆ ಕೈಗಳು ಎದ್ದವು, ಉಳಿಸುವುದಕ್ಕೆ. ಎಲ್ಲರದೂ ಅಲ್ಲ. ಸಾಕಾಗುವಷ್ಟು.

ಜೂನ್ 14
ಅಕ್ಕ ಬೆಳಿಗ್ಗೆಯೇ ಫೋನಿನಲ್ಲಿ ರೇಗಿದಳು. "ದಾರಿ ಮಾಡಿದ್ಯಲ್ಲ, ಸ್ಟ್ಯಾಂಡ್ ಎಲ್ಲೇ? ಎಲ್ರೂ ಸೈಕಲ್ ತಂದು ನನ್ನ ಗಾಜಿಗೆ ಒರಗಿಸ್ತಾರೆ!"
"ಯಾರಕ್ಕಾ ಎಲ್ರೂ?"
"ಇನ್ಯಾರು, ಗಿರಾಕಿಗಳು!"
ಹೇಳಿದ ಮೇಲೆಯೇ ತಾನು ಹೇಳಿದ್ದೇನೆಂದು ಅವಳಿಗೂ ಹೊಳೆಯಿತು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಎಷ್ಟು ದಿನವಾಗಿತ್ತು ಹೀಗೆ ನಕ್ಕು... ಅಗೋ, ಮತ್ತೆ ಫೋನ್. ಅವಳೇ. ಈಗ ಇನ್ನೇನು ಬೇಕಂತೆ —