ಎರಡೂ ಕಾಲು ಐವತ್ತೆರಡು

ಹೊಲಿಗೆ ಅಂಗಡಿಯಿಂದ,
ಮಾರ್ಚ್ 12, ಬುಧವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಬುಗುರಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಹೇಗಿದ್ದೀಯ ಮಗಳೇ? ಮಂಡಿ ಹೇಗಿದೆ ಎಂದು ಕೇಳುತ್ತಿಲ್ಲ, ನೀನು ಹೇಗಿದ್ದೀಯ ಎಂದು ಕೇಳುತ್ತಿದ್ದೇನೆ. ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ನಿದ್ದೆ ಸರಿಯಾಗಿ ಬರುತ್ತಿದೆಯಾ? ಭಾನುವಾರದ ಫುಟ್‌ಬಾಲ್ ಸೆಮಿಫೈನಲ್ ಮುಗಿಯುವ ತನಕ ಮನೆಯವರು ಯಾರೂ ಫೋನ್ ಮಾಡಕೂಡದು, ಎಲ್ಲರೂ ಮಂಡಿ ಮಂಡಿ ಎಂದು ತಲೆ ತಿನ್ನುತ್ತೀರಿ ಎಂದು ನೀನು ಕಟ್ಟಪ್ಪಣೆ ಮಾಡಿದ್ದೀಯ. ಒಪ್ಪಿದೆ. ಆದರೆ ಪತ್ರ ಬರೆಯಕೂಡದು ಎಂದು ಹೇಳಿಲ್ಲವಲ್ಲ. ಆ ಸಂದಿಯಲ್ಲೇ ನುಸುಳಿ ಬರುತ್ತಿದ್ದೇನೆ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು, ಆದದ್ದೇ ತಪ್ಪಾಯಿತು. ಮೂವತ್ತೆಂಟು ವರ್ಷ ನನ್ನ ಹೊಲಿಗೆಯನ್ನು ಹೊಗಳಿದವಳು ಈಗ ಪ್ರತಿ ಕಾಲರ್ ಹಿಡಿದು, "ಇದೇನ್ರೀ, ಇಷ್ಟು ಸೊಟ್ಟ? ಮೊದಲಿಂದಲೂ ಹೀಗೇ ಹೊಲೀತಿದ್ರಾ?" ಎನ್ನುತ್ತಾಳೆ. ನಿನ್ನಪ್ಪ ದಿನವೂ ಕರೆಂಟು ಮೀಟರ್ ಓದಲು ಮನೆಮನೆ ಸುತ್ತಿ, ಮಧ್ಯಾಹ್ನದ ಹೊತ್ತಿಗೆ ಅಂಗಡಿಗೆ ಬಂದು ಕೂರುತ್ತಾನೆ. ನಮ್ಮ ಮೂರು ಮೆಟ್ಟಿಲನ್ನು ಈಗಲೂ ಪಕ್ಕಕ್ಕೆ ತಿರುಗಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂದೊಂದೇ ಹತ್ತುತ್ತಾನೆ. ನೀನು ಭಾನುವಾರ ಆಡುವ ವಿಷಯ ಕೇಳಿದರೆ "ಅವಳಿಷ್ಟ" ಎನ್ನುತ್ತಾನೆ.

ನಿಮ್ಮ ತಂಡದ ಸಾಮಾನು ನೋಡಿಕೊಳ್ಳುವವರು ನಿನ್ನೆ ಸಂಜೆ ನಿನ್ನ ಪ್ಯಾಂಟು ಕೊಟ್ಟು ಹೋದರು. ಇವತ್ತು ಒಂದು ಗಂಟೆಗೆ ಬಂದು ಒಯ್ಯುತ್ತಾರಂತೆ. ಜೇಬಿನಲ್ಲಿ ನಿನ್ನ ಚೀಟಿ ಸಿಕ್ಕಿತು: "ದೊಡ್ಡಪ್ಪ, ತಂಡದ ಜೊತೆ ಪ್ರಯಾಣಕ್ಕೆ ಇದೇ ಪ್ಯಾಂಟು ಹಾಕ್ಬೇಕು. ಸೊಂಟ, ತೊಡೆ ಹತ್ರ ಸಡಿಲ, ಟೈಟ್ ಮಾಡಿ. ನೀವು ಕಲಿಸಿದ ಹಾಗೇ ಅಳತೆ ತಗೊಂಡಿದ್ದೀನಿ: ಬಲ 52 ಸೆಂಟಿಮೀಟರ್, ಎಡ 52. ನೋಡಿ, ಎರಡೂ ಸಮ! ಒಂಟಿ ಕಾಲಲ್ಲಿ ನೆಗೆಯೋ ಪರೀಕ್ಷೆಯಲ್ಲೂ ಎಡಗಾಲು ಬಲಗಾಲಿನ ತೊಂಬತ್ತಾರು ಪರ್ಸೆಂಟ್. ಫಿಸಿಯೋ ಸರಿ ಅಂದ್ರು. ಭಾಷಣ ಬೇಡ." ಎರಡು ಸಲ ಓದಿದೆ. ಪ್ಯಾಂಟನ್ನು ಮೆಷಿನ್ ಮೇಲೆ ಇಟ್ಟಿದ್ದೇನೆ, ಪತ್ರ ಮುಗಿಸಿ ಕೈ ಹಾಕುತ್ತೇನೆ. ಭಾಷಣ ಬೇಡ ಎಂದರೂ ಸ್ವಲ್ಪ ಇರುತ್ತದೆ, ಸಹಿಸಿಕೋ.

ನೀನು ಬಿದ್ದ ದಿನ ನಾನೂ ನಿನ್ನಪ್ಪನೂ ಇದೇ ಅಂಗಡಿಯ ಸಣ್ಣ ಟಿವಿಯಲ್ಲಿ ನೋಡುತ್ತಿದ್ದೆವು. ಎಪ್ಪತ್ತೆಂಟನೇ ನಿಮಿಷ. ಚೆಂಡು ನಿನ್ನ ಬಳಿ, ಸುತ್ತ ಎಂಟು ಹೆಜ್ಜೆಯೊಳಗೆ ಯಾರೂ ಇಲ್ಲ. ಎಡಗಾಲು ಊರಿ ಗಿರಕ್ಕನೆ ತಿರುಗಲು ಹೋದೆ, ನಾವು ನಿನಗೆ ಬುಗುರಿ ಎಂದು ಹೆಸರಿಟ್ಟದ್ದೇ ಆ ತಿರುವಿಗೆ. ಕುಸಿದೆ. ವಿವರಣೆ ಕೊಡುವವನು ಮೂರು ಸಲ ಹೇಳಿದ, "ಯಾರೂ ಮುಟ್ಟಿಲ್ಲ, ಯಾರೂ ಮುಟ್ಟೇ ಇಲ್ಲ!" ಅದನ್ನು ಕೇಳಿ ನಿನ್ನಪ್ಪ ಎದ್ದು ಹೊರಗೆ ಹೋದ. ಅವನು ಯಾಕೆ ಎದ್ದು ಹೋದ ಎಂದು ನೀನು ಯಾವತ್ತೂ ಕೇಳಿಲ್ಲ, ನಾನೂ ಹೇಳಿಲ್ಲ. ಈಗ ಹೇಳುತ್ತೇನೆ.

ಇಪ್ಪತ್ತಾರು ವರ್ಷದ ಹಿಂದೆ ಅವನೂ ಮೈದಾನದಲ್ಲಿ ಹೀಗೇ ಬಿದ್ದ. ಅದೇ ಎಡಗಾಲು, ಸುತ್ತ ಬಯಲು. ನಾನು ಬೇಲಿಯ ಪಕ್ಕದಲ್ಲಿದ್ದೆ. ಹಿಂದಿನಿಂದ ಒಬ್ಬ ಕೂಗಿದ, "ಏಳಯ್ಯಾ, ನಾಟಕ ಸಾಕು!" ಇನ್ನೊಬ್ಬ, "ಗಾಳಿ ತಳ್ತೇನೋ ಪಾಪ!" ಜನ ಬಿದ್ದು ಬಿದ್ದು ನಕ್ಕರು. ಮರುದಿನದ ಪತ್ರಿಕೆಯಲ್ಲಿ, "ಯಾರೂ ಮುಟ್ಟದೆ ನೆಲಕ್ಕುರುಳಿದ ಆಟಗಾರ, ಸೋಲಿನ ಹೊಣೆಯಿಂದ ಪಾರು" ಎಂದು ಬಂತು. ಆ ತುಣುಕು ಇನ್ನೂ ನನ್ನ ಹತ್ತಿರ ಇದೆ. ಆದರೆ ಅವರನ್ನೆಲ್ಲ ಬೈಯುವ ಮೊದಲು ನನ್ನನ್ನು ನಾನು ಬೈದುಕೊಳ್ಳಬೇಕು. ಬಟ್ಟೆ ಬದಲಿಸುವ ಕೋಣೆಗೆ ಓಡಿ ಹೋಗಿ, ಗೋಡೆಗೊರಗಿ ಬೆವರುತ್ತಿದ್ದ ತಮ್ಮನಿಗೆ ನಾನು ಹೇಳಿದ ಮೊದಲ ಮಾತು ಏನು ಗೊತ್ತೆ? "ಯಾರೂ ಮುಟ್ಟಿಲ್ವಲ್ಲೋ, ಏನಾಗಿರುತ್ತೆ? ಎದ್ದೇಳು." ಅವನು ಎದ್ದ. ಹನ್ನೊಂದನೇ ವಾರಕ್ಕೆ ಬ್ಯಾಂಡೇಜು ಸುತ್ತಿಕೊಂಡು ಮೈದಾನಕ್ಕೂ ಇಳಿದ. ಎರಡನೇ ಸಲ ಬಿದ್ದಾಗ ಯಾರೂ ನಗಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಯಾರೂ ಅವನನ್ನು ನೋಡುತ್ತಲೇ ಇರಲಿಲ್ಲ.

ಆಮೇಲೆ ನಾನು ಓದಲು ಶುರುಮಾಡಿದೆ. ಗ್ರಂಥಾಲಯದಲ್ಲಿ ಸಿಕ್ಕಿದ್ದು, ಡಾಕ್ಟರುಗಳನ್ನು ಕಾಡಿ ಕೇಳಿದ್ದು, ಈಗ ಕಂಪ್ಯೂಟರಿನಲ್ಲಿ ಸಿಗುವುದು, ಎಲ್ಲ. ಮಂಡಿ ಇರುವುದು ಮಡಚಲು, ತಿರುಚಲು ಅಲ್ಲ. ವೇಗವಾಗಿ ಓಡುತ್ತಾ ಥಟ್ಟನೆ ನಿಂತು ತಿರುಗಿದಾಗ ಪಾದ ನೆಲ ಕಚ್ಚಿಕೊಂಡಿರುತ್ತದೆ, ಮೈ ಆಗಲೇ ಇನ್ನೊಂದು ಕಡೆ ಹೊರಟಿರುತ್ತದೆ, ನಡುವೆ ಸಿಕ್ಕಿದ ಮಂಡಿ ಒಳಕ್ಕೆ ವಾಲುತ್ತದೆ. ಆಗ ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ತೊಡೆಯ ಸ್ನಾಯು. ದಣಿದ ಸ್ನಾಯು ಒಂಚೂರು ತಡವಾಗಿ ಹಿಡಿಯುತ್ತದೆ. ಆ ಒಂಚೂರಿನಲ್ಲಿ ಭಾರವೆಲ್ಲ ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ, ಕಿರುಬೆರಳ ಗಾತ್ರದ ಲಿಗಮೆಂಟಿನ ಮೇಲೆ ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ, ಪಟ್ ಅನ್ನುತ್ತದೆ. ಒಂದು ಪಂದ್ಯದಲ್ಲಿ ಎದುರಾಳಿ ನಿನ್ನನ್ನು ಹತ್ತು ಸಲ ಗುದ್ದಬಹುದು. ನೀನು ಓಡಿ ನಿಂತು ತಿರುಗುವುದು ನೂರಾರು ಸಲ. ಹಾಗಿರುವಾಗ ಯಾರೂ ಮುಟ್ಟದೆ ಬೀಳುವವರೇ ಹೆಚ್ಚಾದರೆ ಅದರಲ್ಲಿ ಸೋಜಿಗವೇನು?

ನನ್ನ ಬಳಿ ಹರಿದ ಪ್ಯಾಂಟು ತರುವವರೆಲ್ಲ ಒಂದೇ ಮಾತು ಹೇಳುತ್ತಾರೆ: "ಏನೂ ಮಾಡಿಲ್ಲ ಮಾಸ್ತರೇ, ಸುಮ್ನೆ ಕೂತೆ, ತಾನಾಗೇ ಹರೀತು." ಬಟ್ಟೆ ತಾನಾಗಿ ಹರಿಯುವುದನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ. ಒಳಗೆ ತಿರುವಿ ನೋಡಿದರೆ ದಾರ ಸವೆದಿರುತ್ತದೆ, ಇಲ್ಲವೇ ಹೊಲಿಯುವವನು ಬಟ್ಟೆ ಉಳಿಸಲು ಅಂಚು ಕಡಿಮೆ ಬಿಟ್ಟಿರುತ್ತಾನೆ. ನಿನ್ನದನ್ನೂ ತಿರುವಿ ನೋಡಿದೆ. ಹದಿನಾರು ದಿನದಲ್ಲಿ ಐದು ಪಂದ್ಯ. ಆ ವಾರದಲ್ಲೇ ಮೂರನೆಯದು. ಬೂಟಿನ ಅಡಿಯ ಸ್ಟಡ್ಡುಗಳನ್ನು ಹಿಡಿದರೆ ಬಿಡದ ಪ್ಲಾಸ್ಟಿಕ್ ಹುಲ್ಲು. ನಿನಗೆ ಕೊಟ್ಟದ್ದು ಗಂಡಸರ ಪಾದಕ್ಕೆ ಮಾಡಿದ ಬೂಟಿನ ಸಣ್ಣ ಸೈಜು. ಇದನ್ನೆಲ್ಲ ಏರ್ಪಾಡು ಮಾಡಿದವರು ಆ ದಿನ ನೆರಳಿನ ಕುರ್ಚಿಯಲ್ಲಿ ಕೂತಿದ್ದರು. ನಿಜವೇ, ಅವರು ನಿನ್ನನ್ನು ಮುಟ್ಟಲಿಲ್ಲ. ಇದನ್ನು ನಾನು ಸಂಪಾದಕರಿಗೆ ನಾಲ್ಕು ಸಲ ಬರೆದೆ. ಒಂದು ಸಲ ಹಾಕಿದರು, ಕಳೆದುಹೋದ ನಾಯಿಯ ಜಾಹೀರಾತಿನ ಕೆಳಗೆ. ನಾಯಿ ಸಿಕ್ಕಿತಂತೆ.

ಈಗ ಅದೇ ಜನ ಮಂಡಿಯ ಆಪರೇಷನ್ ಆದ ಆರೂವರೆ ತಿಂಗಳಿಗೆ ನಿನ್ನನ್ನು ಇಳಿಸಲು ಹೊರಟಿದ್ದಾರೆ. ಒಂಬತ್ತು ತಿಂಗಳು ತುಂಬುವ ಮೊದಲೇ ಇಳಿದವರಲ್ಲಿ ಮತ್ತೆ ಹರಿದುಕೊಂಡವರು ಬಹಳ ಮಂದಿ ಎಂದು ನಾನು ಓದಿದ್ದೇನೆ, ನೀನೂ ಓದಿದ್ದೀಯ. ನಿನ್ನ ಭಯ ನನಗೆ ಗೊತ್ತಿಲ್ಲವೆಂದಲ್ಲ. ನಿನ್ನ ಜಾಗದಲ್ಲಿ ಆಡುತ್ತಿರುವ ಹುಡುಗಿಗೆ ಹತ್ತೊಂಬತ್ತು ವರ್ಷ. ಈ ಪಂದ್ಯ ಬಿಟ್ಟರೆ ಮುಂದಿನ ವರ್ಷ ನಿನ್ನನ್ನು ಕರೆಯುತ್ತಾರೋ ಇಲ್ಲವೋ. ಕೋಚ್ "ನಿರ್ಧಾರ ನಿಂದೇ ಕಣಮ್ಮ" ಎಂದರಂತೆ. ಎಷ್ಟು ಸುಲಭ ನೋಡು. ಆಡಿ ಬಿದ್ದರೆ ನಿನ್ನದೇ ನಿರ್ಧಾರ, ಆಡದೆ ಕೂತರೂ ನಿನ್ನದೇ.

ಆದರೂ, ಮಗಳೇ, ನಾನು ದರ್ಜಿ, ಡಾಕ್ಟರಲ್ಲ. ಪರೀಕ್ಷೆ ಮಾಡಿದವರು ಎರಡೂ ಕಾಲು ಸಮ ಎಂದ ಮೇಲೆ ಬೇಡ ಎನ್ನಲು ನನ್ನ ಬಳಿ ಏನಿದೆ, ಹಳೆಯ ಹೆದರಿಕೆ ಬಿಟ್ಟರೆ? ಒಮ್ಮೆ ತಮ್ಮನಿಗೆ "ಎದ್ದೇಳು" ಎಂದು ಹೇಳಿ ಕೆಟ್ಟವನು ಈಗ ಮಗಳಿಗೆ "ಕೂತ್ಕೋ" ಎಂದು ಹೇಳಿ ಕೆಡಲೇ? ಆಡುವುದಾದರೆ ಚೆನ್ನಾಗಿ ಮೈ ಬಿಸಿ ಮಾಡಿಕೋ. ದಣಿವಾದರೆ ಮರ್ಯಾದೆ ನೋಡದೆ ಕೈ ಎತ್ತಿ ಹೊರಗೆ ಬಾ. ದೊಡ್ಡಮ್ಮ ನಿನಗೆ ನೂರು ಸಲ ಮುತ್ತು ಕೊಟ್ಟಿದ್ದಾಳೆ. ನಿನ್ನಮ್ಮ ಬೇರೆ ಬರೆಯುತ್ತಾಳಂತೆ. ನಿನ್ನ ಎರಡೂ ಕಾಲು ನಿನ್ನನ್ನು ಮುಪ್ಪಿನ ತನಕ ಮೆಟ್ಟಿಲು ಹತ್ತಿಸಲಿ.

ನಿನ್ನ,
ದೊಡ್ಡಪ್ಪ

ಮರೆತ ಮಾತು: ನಿಮ್ಮ ತಂಡದ ವ್ಯಾನು ಬಂದು ಹಾರ್ನ್ ಹೊಡೆಯುತ್ತಿದೆ, ಅಕ್ಷರ ಸೊಟ್ಟಗಾದರೆ ದೊಡ್ಡಮ್ಮನಿಗೆ ಹೇಳಬೇಡ. ಪತ್ರ ಮಡಚಿಟ್ಟು, ಪ್ಯಾಂಟು ಟೈಟ್ ಮಾಡೋಣವೆಂದು ಅಳತೆ ಪುಸ್ತಕ ತೆಗೆದೆ. ಗಿರಾಕಿಯ ಹೊಸ ಅಳತೆಯನ್ನು ಹಳೆಯದರ ಪಕ್ಕದಲ್ಲೇ ಬರೆಯುವುದು ನನ್ನ ರೂಢಿ, ನಿನಗೆ ಗೊತ್ತಲ್ಲ. ಇದೇ ಪ್ಯಾಂಟು ಹೊಲಿದಾಗ, ಎರಡು ವರ್ಷದ ಹಿಂದೆ, ಬಲತೊಡೆ 56, ಎಡತೊಡೆ ಐವತ್ತೈದೂವರೆ. ಈಗ ಎರಡೂ 52. ಓದಿದೆಯಾ? ಎಡಗಾಲು ಬಲಗಾಲಿನ ಮಟ್ಟಕ್ಕೆ ಏರಿಲ್ಲ ಬುಗುರಿ, ಬಲಗಾಲೇ ಎಡಗಾಲಿನ ಮಟ್ಟಕ್ಕೆ ಇಳಿದಿದೆ. ಆರು ತಿಂಗಳು ಅದೂ ಕೂತೇ ಇತ್ತಲ್ಲ! ಸೊರಗಿದ ಕಾಲನ್ನು ಸೊರಗಿದ ಕಾಲಿನ ಪಕ್ಕ ಇಟ್ಟು ತೊಂಬತ್ತಾರು ಎಂದಿದ್ದಾರೆ. ಬೀಳುವುದಕ್ಕಿಂತ ಮುಂಚೆ, ಆ ವರ್ಷದ ಶುರುವಿನಲ್ಲಿ ನೀನು ಎಷ್ಟು ದೂರ ನೆಗೆದಿದ್ದೆ? ಆ ಹಳೆಯ ಹಾಳೆ ಫಿಸಿಯೋ ಬಳಿ ಇರಲೇಬೇಕು. ತೆಗೆಸು. ನಿನ್ನ ಕಣ್ಣೆದುರೇ ಪಕ್ಕಪಕ್ಕ ಇಡಿಸು. ಆ ಸಂಖ್ಯೆಗೆ ಇವತ್ತಿನ ಕಾಲು ಮುಟ್ಟಿದರೆ ಆಡು, ನಾನೇ ಚಪ್ಪಾಳೆ ತಟ್ಟುತ್ತೇನೆ. ಮುಟ್ಟದಿದ್ದರೆ ಭಾನುವಾರ ಇಳಿಯಬೇಡ. ಇದು ಹೆದರಿಕೆ ಅಲ್ಲ, ಅಳತೆ.

ಪುಸ್ತಕವನ್ನು ನಿನ್ನಪ್ಪನಿಗೆ ತೋರಿಸಿದೆ. ಎರಡೂ ಸಾಲಿನ ಮೇಲೆ ಬೆರಳಿಟ್ಟು ಓದಿದ. ಆಮೇಲೆ ಹಾಳೆ ಹಿಂದಕ್ಕೆ ತಿರುವಿ ತನ್ನ ಪುಟ ತೆಗೆದ. ಇಪ್ಪತ್ತಾರು ವರ್ಷದಿಂದ ಅವನ ಪ್ಯಾಂಟಿನ ಎಡಗಾಲನ್ನು ನಾಲ್ಕು ಸೆಂಟಿಮೀಟರ್ ಕಿರಿದಾಗಿ ಕತ್ತರಿಸುತ್ತಾ ಬಂದಿದ್ದೇನೆ, ಕಾಲು ಸೊರಗಿದ್ದು ನೋಡುವವರಿಗೆ ಗೊತ್ತಾಗದಿರಲಿ ಎಂದು. ಅವನಿಗೂ ಗೊತ್ತಿಲ್ಲವೆಂದುಕೊಂಡಿದ್ದೆ. "ನನಗೆ ಮೊದಲ ಪ್ಯಾಂಟಲ್ಲೇ ಗೊತ್ತಾಯ್ತಣ್ಣ. ಅವಳಿಗೆ ಹಾಗೆ ಹೊಲೀಬೇಡ" ಎಂದ. ಎರಡನೇ ಸಲ ಬಿದ್ದ ಮೇಲೆ ಒಂದು ಮೈದಾನದ ಗೇಟೂ ದಾಟದವನು ಈಗ ಅಳತೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಪಕ್ಕಕ್ಕೆ ತಿರುಗಿ, ವ್ಯಾನು ಹತ್ತುತ್ತಿದ್ದಾನೆ. ಈ ಪತ್ರವನ್ನೂ ಅವನೇ ತರುತ್ತಾನೆ. ಅವನಿಗೆ ಹೆಚ್ಚು ಮಾತಾಡಲು ಬರುವುದಿಲ್ಲ, ಪುಸ್ತಕವನ್ನು ಫಿಸಿಯೋ ಮುಂದೆ ನೀನೇ ತೆರೆದಿಡು.

ಪ್ಯಾಂಟು ಟೈಟ್ ಮಾಡಿಲ್ಲ. ಸದ್ಯಕ್ಕೆ ಬೆಲ್ಟು ಹಾಕಿಕೋ.